ಮಂಜಿನ ನಂತರದ ನಾಲ್ಕು ನಿಮಿಷ

ಸಾಮಾನ್ಯವಾಗಿ ಜನ ಅರವತ್ತಕ್ಕೆ ನಿವೃತ್ತರಾಗಿ, ಹೂಮಾಲೆ ಹಾಕಿಸಿಕೊಂಡು, ಗೋಡೆ ಗಡಿಯಾರ ಉಡುಗೊರೆ ಪಡೆದು, ಆಮೇಲೆ ಅನುಭವ ಬರೆಯುತ್ತಾರೆ. ನಾನು ಹದಿನೆಂಟಕ್ಕೇ ನಿವೃತ್ತನಾಗಿದ್ದೇನೆ. ಎರಡು ವರ್ಷ ಎರಡು ತಿಂಗಳ ಸುದೀರ್ಘ ಸೇವೆ. ಹೂಮಾಲೆ ಬರಲಿಲ್ಲ. ಉಡುಗೊರೆಯಾಗಿ ನಮ್ಮ ಧಣಿ ಬಸವರಾಜ ಕಾಕಾ ಒಂದು ಖಾಲಿ ವೀಡಿಯೋ ಕ್ಯಾಸೆಟ್ ಕೊಟ್ಟರು. ಅದನ್ನೇ ಯಾಕೆ ಕೊಟ್ಟರು ಎಂಬುದು ಈ ಬರಹ ಮುಗಿಯುವ ಹೊತ್ತಿಗೆ ನಿಮಗೆ ಗೊತ್ತಾಗುತ್ತದೆ. ನನ್ನ ಬಗ್ಗೆ ನಿಮಗೇನಾದರೂ ಒಳ್ಳೆಯ ಅಭಿಪ್ರಾಯ ಇದ್ದರೆ ಅದೂ ಅಷ್ಟು ಹೊತ್ತಿಗೆ ಮುಗಿದಿರುತ್ತದೆ.

ಕನ್ನಡ ಕೂಟದ ವಾರ್ಷಿಕ ಸಂಚಿಕೆಯ ಸಂಪಾದಕರು, ರಜೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರುವ ನಮ್ಮ ಹುಡುಗ ಹುಡುಗಿಯರಿಗೆ ಸ್ಫೂರ್ತಿ ಬರುವಂಥದ್ದೇನಾದರೂ ಬರೆ ಎಂದರು. ಸ್ಫೂರ್ತಿ ನನ್ನ ಹತ್ತಿರ ಸ್ಟಾಕ್ ಇಲ್ಲ. ವೀಡಿಯೋ ಅಂಗಡಿಯ ಕೌಂಟರಿನ ಹಿಂದೆ ನಿಜವಾಗಿ ಏನು ನಡೆಯುತ್ತದೆ ಅನ್ನುವುದು ಮಾತ್ರ ಇದೆ. ಅದೇ ಕೌಂಟರಿಗೆ ಮುಂದಿನ ವಾರದಿಂದ ಕಾಕಾರ ಅಕ್ಕನ ಮಗಳು ಬರುತ್ತಾಳೆ. ಆಕೆ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಇದನ್ನು ಅವಳಮ್ಮ ಓದಿ ಹೇಳಲಿ.

ಅಂಗಡಿ ಇರುವುದು ಕ್ಯಾಲಿಫೋರ್ನಿಯಾದ ಹೇವರ್ಡಿನಲ್ಲಿ. ಎಡಕ್ಕೆ ಬಟ್ಟೆ ಒಗೆಯುವ ಲಾಂಡ್ರಿ, ಬಲಕ್ಕೆ ಡೋನಟ್ ಅಂಗಡಿ. ಹಾಗಾಗಿ ನಮ್ಮಲ್ಲಿ ಬಾಡಿಗೆಗೆ ಹೋದ ಪ್ರತಿ ಕ್ಯಾಸೆಟ್ಟೂ ಸೋಪು ಮತ್ತು ಸಕ್ಕರೆಯ ವಾಸನೆ ಹೊತ್ತುಕೊಂಡು ಹೋಗುತ್ತಿತ್ತು. ಮುಂದಿನ ಕಪಾಟುಗಳಲ್ಲಿ ಅಮೆರಿಕದ ಪಿಕ್ಚರು, ಹಿಂದಿನ ಒಂದು ಕಪಾಟಿನಲ್ಲಿ ನಮ್ಮವು. ಕಾಕಾ ಹುಬ್ಬಳ್ಳಿಯವರು. ಹತ್ತು ವರ್ಷ ಕಂಪ್ಯೂಟರ್ ಕಂಪನಿಯಲ್ಲಿ ಇಂಜಿನಿಯರ್ ಆಗಿದ್ದು, ಒಂದು ದಿನ ಮೀಟಿಂಗಿನ ಮಧ್ಯೆ ಎದ್ದು ಬಂದು ಈ ಅಂಗಡಿ ತೆರೆದರು. ನಾನು ಮೊದಲ ದಿನ ಅಂಕಲ್ ಎಂದಿದ್ದಕ್ಕೆ, "ಅಂಕಲ್ ಈ ದೇಶದಾಗ ಎಲ್ಲಾರೂ ಅದಾರ. ಕಾಕಾ ಅನ್ನು, ಇಲ್ಲಾ ಹೆಸರು ಹಿಡಿದು ಕರಿ" ಎಂದರು. ಮೈಸೂರಿನ ಹುಡುಗನ ಬಾಯಲ್ಲಿ ಕಾಕಾ ಕೂರಲು ಒಂದು ತಿಂಗಳು ಬೇಕಾಯಿತು.

ಬಡ್ತಿಗಳ ವಿಷಯ ಬಿಟ್ಟುಬಿಡುತ್ತೇನೆ. ಸಿಕ್ಕಿದ್ದು ಒಂದೇ, ಕಸ ಗುಡಿಸುವುದರಿಂದ ಕ್ಯಾಸೆಟ್ ಹಿಂದಕ್ಕೆ ಸುತ್ತುವುದಕ್ಕೆ. ತಪ್ಪುಗಳಿಗೆ ಮಾತ್ರ ಕೊರತೆ ಇರಲಿಲ್ಲ. ಸತ್ಯನಾರಾಯಣ ಪೂಜೆ ಇಟ್ಟುಕೊಂಡಿದ್ದ ಒಂದು ಮನೆಯವರು ಮಕ್ಕಳಿಗೆ ತೋರಿಸಲು ಪೌರಾಣಿಕ ಚಿತ್ರ ಕೇಳಿದ್ದರು. ನಾನು ಡಬ್ಬಿ ಪೌರಾಣಿಕದ್ದೇ ಕೊಟ್ಟೆ, ಒಳಗಿನ ಕ್ಯಾಸೆಟ್ ರಕ್ತ ಹೀರುವವನದ್ದು. ಪ್ರಸಾದದ ಹೊತ್ತಿಗೆ ಅರ್ಧ ಮಕ್ಕಳು ಅಳುತ್ತಿದ್ದವು, ಅರ್ಧ ಮಕ್ಕಳು ಇನ್ನೊಮ್ಮೆ ಹಾಕಿ ಎನ್ನುತ್ತಿದ್ದವು. ಮತ್ತೊಮ್ಮೆ, ಸಣ್ಣ ಬಾಯಿಯ ಬೀಟಾ ಮೆಷಿನ್ನಿಗೆ ದೊಡ್ಡ ವಿಎಚ್‌ಎಸ್ ಕ್ಯಾಸೆಟ್ ಹೋಗುತ್ತಿಲ್ಲ ಎಂದು ಫೋನ್ ಮಾಡಿದವರಿಗೆ ಸ್ವಲ್ಪ ಒತ್ತಿ ನೋಡಿ ಎಂದು ಸಲಹೆ ಕೊಟ್ಟೆ. ಅವರು ಒತ್ತಿದರು. ಇಂಥವನ್ನು ಹೇಳಿಕೊಂಡು ನಾನು ಎಷ್ಟೋ ಮನೆಗಳಲ್ಲಿ ಜನರನ್ನು ನಗಿಸಿದ್ದೇನೆ. ಮುಂದೆ ಹೇಳುವುದನ್ನು ಅಂಗಡಿಯ ಹೊರಗೆ ಯಾರಿಗೂ ಹೇಳಿಲ್ಲ, ನಮ್ಮಮ್ಮನಿಗೂ.

ನಮ್ಮಲ್ಲಿ ಒಂದು ಹಳೆಯ ಕಪ್ಪು ಬಿಳುಪು ಪತ್ತೇದಾರಿ ಚಿತ್ರ ಇತ್ತು. ನಲವತ್ತು ವರ್ಷದ ಹಿಂದೆ ಸ್ಯಾನ್ ಫ್ರಾನ್ಸಿಸ್ಕೋದಲ್ಲೇ ತೆಗೆದದ್ದು. ಅಂಥ ಚಿತ್ರಗಳನ್ನು ನೀವು ನೋಡಿರುತ್ತೀರಿ. ಟೋಪಿ ಹಾಕಿದ ಗಂಡಸು, ಸಿಗರೇಟಿನ ಹೊಗೆ, ನಂಬಬಾರದ ಹೆಂಗಸು, ಗೋಡೆಯ ಮೇಲೆ ಕಿಟಕಿಯ ಪಟ್ಟಿ ಪಟ್ಟಿ ನೆರಳು, ಕೊನೆಗೆ ಎಲ್ಲರಿಗೂ ನಷ್ಟ. ಈ ಊರಿನವರಿಗೆ ಅದರ ಮೇಲೆ ಬಲು ಪ್ರೀತಿ, ತಮ್ಮ ಬೀದಿ ಕಾಣಿಸುತ್ತದಲ್ಲ ಎಂದು. ಹಾಗಾಗಿ ಕಾಕಾ ಅದು ಯಾವ್ಯಾವ ರೂಪದಲ್ಲಿ ಬಂತೋ ಎಲ್ಲವನ್ನೂ ತರಿಸಿಟ್ಟಿದ್ದರು. ಒಟ್ಟು ನಾಲ್ಕು. ಯಾವುದು ಒಳ್ಳೆಯದು ಎಂದು ಗಿರಾಕಿಗಳು ಕೇಳುವರು. ಉತ್ತರ ಕೊಡಲು ಒಂದು ದಿನ ನಾನೇ ಮುಂದೆ ಬಂದೆ. ನಾಲ್ಕನ್ನೂ ನೋಡಿ, ಹೋಲಿಸಿ, ಒಂದು ಚೀಟಿ ಬರೆದು ಕಪಾಟಿಗೆ ಅಂಟಿಸುತ್ತೇನೆ ಎಂದೆ. ಕಾಕಾ ತಲೆ ಎತ್ತದೆ, "ನೋಡಿ ಬರಿ. ನೋಡಿದ್ದಷ್ಟ ಬರಿ" ಎಂದರು. ಎರಡು ವರ್ಷದಲ್ಲಿ ಅವರು ನನಗೆ ಕೊಟ್ಟ ತರಬೇತಿ ಅಷ್ಟೇ.

ಮೊದಲನೆಯದು ಹಳೆಯ ಕ್ಯಾಸೆಟ್. ಊಟದ ಡಬ್ಬಿಯಷ್ಟು ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಬಂದದ್ದು. ಅದನ್ನು ತಂದ ಪುಟ್ಟ ಕಂಪನಿ ಯಾವತ್ತೋ ಬಾಗಿಲು ಹಾಕಿತ್ತು. ಚಿತ್ರದ ತುಂಬ ಗೀರುಗಳು. ಎರಡನೆಯದು ಅಗ್ಗದ್ದು. ಟೇಪು ಉಳಿಸಲು ನಿಧಾನದ ವೇಗದಲ್ಲಿ ತುಂಬಿದ್ದರಿಂದ ಎಲ್ಲರ ಮುಖವೂ ನೆನೆಸಿಟ್ಟ ಅವಲಕ್ಕಿಯ ಹಾಗೆ ಕಾಣುತ್ತಿತ್ತು. ಮೂರನೆಯದಕ್ಕೆ ಕಂಪ್ಯೂಟರಿನಿಂದ ಬಣ್ಣ ಬಳಿದಿದ್ದರು. ನಾಯಕನ ಕೆನ್ನೆಗೆ ಮದುವೆ ಗಂಡಿನ ಮೇಕಪ್ಪು, ಊರಿನ ಮಂಜಿಗೆ ಬಾಂಬೆ ಮಿಠಾಯಿಯ ಬಣ್ಣ. ನಾಲ್ಕನೆಯದು ಲೇಸರ್ ಡಿಸ್ಕು. ದೋಸೆ ಕಾವಲಿಯಷ್ಟು ಅಗಲ, ಕನ್ನಡಿಯಷ್ಟು ಸ್ವಚ್ಛ. ಆದರೆ ಮಧ್ಯದಲ್ಲಿ ದೋಸೆಯ ಹಾಗೇ ಮಗುಚಿ ಹಾಕಬೇಕು.

ನಾನು ಪೂರ್ತಿ ನೋಡಿದ್ದು ಬಣ್ಣದ್ದೊಂದನ್ನೇ. ಡಿಸ್ಕಿನದು ಒಂದು ಮಗ್ಗುಲು ನೋಡಿ, ಇನ್ನೊಂದು ಮಗ್ಗುಲಿನ ಕೊನೆಗೆ ಹಾರಿದೆ. ಅಗ್ಗದ್ದನ್ನು ಓಡಿಸಿಕೊಂಡೇ ನೋಡಿದೆ. ಮೂರರಲ್ಲೂ ಕೊನೆ ಒಂದೇ. ನಾಯಕ ಮಂಜಿನೊಳಗೆ ನಡೆದು ಹೋಗುತ್ತಾನೆ, ತೆರೆ ಕಪ್ಪಾಗುತ್ತದೆ, ಮುಗಿಯಿತು. ಹಳೆಯ ಕ್ಯಾಸೆಟ್ಟನ್ನು ಕೊನೆಗಿಟ್ಟುಕೊಂಡೆ. ಒಂದು ಶನಿವಾರ ಬೆಳಿಗ್ಗೆ ಅಂಗಡಿ ತೆರೆದವನೇ ಅದನ್ನು ಹಾಕಿ ಕೂತೆ.

ಅದೇ ಶನಿವಾರ ಬೆಳಿಗ್ಗೆ, ಊರಿನ ಕೇಬಲ್ ಚಾನೆಲ್ಲಿನಲ್ಲಿ ಭಾರತೀಯರ ಕಾರ್ಯಕ್ರಮದ ಹೊತ್ತಿಗೆ, ನಮ್ಮ ಕನ್ನಡ ಕೂಟದ ರಾಜ್ಯೋತ್ಸವದ ನಾಟಕ ತೋರಿಸುವವರಿದ್ದರು. ಆ ನಾಟಕದ ಮಂತ್ರಿ ನಾನೇ. ನಿಮ್ಮಲ್ಲಿ ಹಲವರು ಸಹಿಸಿಕೊಂಡಿದ್ದೀರಿ. ಒಂದು ಸಾಲಿನ ಪಾತ್ರವನ್ನು ನಾನು ಏಳು ಸಾಲು ಮಾಡಿದ್ದೆ. ಜರಿ ಅಂಚಿನ ಮೈಸೂರು ಪೇಟ ಇಟ್ಟುಕೊಂಡು, ಕ್ಯಾಮೆರಾ ಕಡೆ ನೋಡಬೇಡವೋ ಎಂದು ನಿರ್ದೇಶಕರು ನಾಲ್ಕು ಸಲ ಹೇಳಿದ್ದರೂ ನೋಡಿ ನಕ್ಕಿದ್ದೆ. ಇದು ಟೀವಿಯಲ್ಲಿ ಬಂದು, ರೆಕಾರ್ಡ್ ಆಗದೆ, ಗಾಳಿಗೆ ಹೋಗುವುದೇ? ಆದರೆ ಖಾಲಿ ಕ್ಯಾಸೆಟ್ಟುಗಳನ್ನು ಕಾಕಾ ಬೀಗ ಹಾಕಿ ಇಡುತ್ತಿದ್ದರು, ಅವರು ಬರುವುದು ಮಧ್ಯಾಹ್ನಕ್ಕೆ.

ನಮ್ಮ ಮನೆಗಳ ಒಂದು ಪದ್ಧತಿ ಇಲ್ಲಿ ಹೇಳಬೇಕು. ಅಂಗಡಿಯಿಂದ ಬರುವ ಸಿನಿಮಾ ಕ್ಯಾಸೆಟ್ಟಿನ ಅಂಚಿನಲ್ಲಿ ಒಂದು ಪುಟ್ಟ ತೂತು ಇರುತ್ತದೆ. ಆ ತೂತು ಇದ್ದರೆ ಮೆಷಿನ್ನು ಅದರ ಮೇಲೆ ರೆಕಾರ್ಡ್ ಮಾಡುವುದಿಲ್ಲ. ಆದರೆ ಅದರ ಮೇಲೆ ಒಂದು ತುಂಡು ಸೆಲ್ಲೋ ಟೇಪು ಹಚ್ಚಿದರೆ ಮೆಷಿನ್ನಿಗೆ ಮೋಸವಾಗುತ್ತದೆ. ಇದು ಗೊತ್ತಿಲ್ಲದ ಕನ್ನಡದ ಮನೆ ಈ ಭಾಗದಲ್ಲಿ ಒಂದೂ ಇಲ್ಲ. ಹಾರ್ಲಿಕ್ಸ್ ಬಾಟಲಿಯಲ್ಲಿ ಬೇಳೆ ತುಂಬಿಡುವ ಜನ ನಾವು. ವ್ಯಾಯಾಮ ಕಲಿಸುವ ಕ್ಯಾಸೆಟ್ಟಿನ ಮೇಲೆ ನಾಮಕರಣ, ಕಾರ್ ಕಂಪನಿ ಪುಕ್ಕಟೆ ಕೊಟ್ಟ ಕ್ಯಾಸೆಟ್ಟಿನ ಮೇಲೆ ಮಗಳ ಭರತನಾಟ್ಯ. ನಮ್ಮ ಮನೆಯಲ್ಲಿ ತಾತನ ಅರವತ್ತನೇ ವರ್ಷದ ಶಾಂತಿಯ ಹೋಮ ಮುಗಿದ ಕೂಡಲೇ ಇಬ್ಬರು ಹೆಂಗಸರು ಸೊಂಟ ತಿರುಗಿಸುತ್ತಾರೆ.

ಟೀವಿಯಲ್ಲಿ ನಾಯಕ ಮಂಜಿನೊಳಗೆ ನಡೆದ. ತೆರೆ ಕಪ್ಪಾಯಿತು. ಗಡಿಯಾರ ನೋಡಿದೆ, ನಾಟಕ ಶುರುವಾಗುವ ಹೊತ್ತು. ಚಿತ್ರ ಹೇಗೂ ಮುಗಿಯಿತು, ಆ ಪುಟ್ಟ ಕಂಪನಿಯವರು ಉದ್ದದ ಟೇಪು ಹಾಕಿದ್ದರು, ಕೊನೆಯಲ್ಲಿ ಉಳಿದದ್ದು ಯಾರಪ್ಪನ ಮನೆಯದೂ ಅಲ್ಲ ಎಂದುಕೊಂಡೆ. ಕ್ಯಾಸೆಟ್ ಹೊರಗೆ ತೆಗೆದು, ತೂತಿಗೆ ಟೇಪು ಹಚ್ಚಿ, ಒಳಗೆ ನೂಕಿ, ರೆಕಾರ್ಡ್ ಒತ್ತಿದೆ. ಆರು ನಿಮಿಷದ ನನ್ನ ದೃಶ್ಯ ಬಂತು. ಮರುದಿನ ಅದನ್ನು ಬೇರೆ ಕ್ಯಾಸೆಟ್ಟಿಗೆ ಇಳಿಸಿಕೊಂಡು, ಸೆಲ್ಲೋ ಟೇಪು ಕಿತ್ತು, ಹಳೆಯದನ್ನು ಪೆಟ್ಟಿಗೆಗೆ ಹಾಕಿ ಕಪಾಟಿಗೆ ಸೇರಿಸಿದೆ. ಇಂಗ್ಲಿಷಿನಲ್ಲಿ ಚೀಟಿ ಬರೆದೆ, ಅರ್ಥ ಇದು. "ನಾಲ್ಕೂ ಆವೃತ್ತಿಗಳನ್ನು ಮೊದಲಿಂದ ಕೊನೆಯವರೆಗೆ ಹೋಲಿಸಲಾಗಿದೆ. ಹಳೆಯದರಲ್ಲಿ ಗೀರುಗಳ ಹೊರತು ಹೆಚ್ಚಿನದೇನೂ ಇಲ್ಲ." ಕೆಳಗೆ ನನ್ನ ಸಹಿ, ಮಂತ್ರಿಯ ಸಹಿಯಷ್ಟು ದೊಡ್ಡದು.

ಕೆಲವು ವಾರ ಏನೂ ಆಗಲಿಲ್ಲ. ಮಂಜಾದ ಮೇಲೆ ಜನ ಮೆಷಿನ್ನು ನಿಲ್ಲಿಸಿಬಿಡುತ್ತಾರೆ. ಒಬ್ಬನೇ ಒಬ್ಬ ನಿಲ್ಲಿಸದೆ ಕೂತಿದ್ದ. ಪಾಲೋ ಆಲ್ಟೋದ ಕಡೆ ಸಿನಿಮಾ ಓದುತ್ತಿದ್ದ ವಿದ್ಯಾರ್ಥಿ. ಕ್ಯಾಸೆಟ್ ವಾಪಸು ತಂದವನು ದನಿ ತಗ್ಗಿಸಿ, ಕೊನೆಯಲ್ಲಿ ಪೇಟ ಧರಿಸಿ ಪರಭಾಷೆಯಲ್ಲಿ ಮಾತಾಡುವ ಯುವಕ ವಿಧಿಯ ಸಂಕೇತವೇ ಎಂದು ಕೇಳಿದ. ಇರಬಹುದು, ಬಹಳ ಅಪರೂಪದ ಆವೃತ್ತಿ ಎಂದೆ. ಅವನು ಬರೆದುಕೊಂಡ. ಇದನ್ನು ನೆನೆಸಿ ನಾನು ಒಂದು ವಾರ ನಕ್ಕೆ. ಹೌದು, ನೀವೂ ಈಗ ನಕ್ಕಿದ್ದೀರಿ. ನಗುವುದೆಲ್ಲ ಇಲ್ಲಿಗೇ ಮುಗಿಸಿಬಿಡಿ.

ಅದಾದ ಮೇಲೆ ಒಂದು ಮಧ್ಯಾಹ್ನ, ನಾನು ಸ್ಕೂಲಿನಿಂದ ಬಂದು ಒಬ್ಬನೇ ಕೂತಿದ್ದಾಗ, ಎಪ್ಪತ್ತರ ಆಸುಪಾಸಿನ ಒಬ್ಬ ಹೆಂಗಸು ಬಂದರು. ಕುಳ್ಳು ಆಕಾರ, ಹಸಿರು ಕೋಟು, ಬೆನ್ನ ಮೇಲೆ ಬಿಳಿಯ ಜಡೆ. ಮೆಕ್ಸಿಕೋ ಮೂಲದವರು. ಕಿಟಕಿಯಲ್ಲಿ ಹಿಂದಿ ಪಿಕ್ಚರಿನ ಪೋಸ್ಟರ್ ನೋಡಿ ಒಳಗೆ ಬಂದೆ ಎಂದರು. ಹೆಸರು ಲೂಸಿಯಾ ಸಿಂಗ್. ನಾನು ಆ ಹೆಸರು ಕೇಳಿ ಹುಬ್ಬೇರಿಸಿದ್ದು ಕಂಡು ಅವರೇ ವಿವರಿಸಿದರು. ಹಿಂದಿನ ಕಾಲದಲ್ಲಿ ಪಂಜಾಬಿನಿಂದ ಇಲ್ಲಿಯ ಹೊಲಗಳಿಗೆ ಕೆಲಸಕ್ಕೆ ಬಂದ ಗಂಡಸರು ಹೆಚ್ಚಾಗಿ ಮೆಕ್ಸಿಕೋ ಕಡೆಯ ಹೆಣ್ಣುಗಳನ್ನು ಮದುವೆಯಾಗುತ್ತಿದ್ದರಂತೆ. ಅವರ ಗಂಡ ಕರಮ್ ಸಿಂಗ್ ಅಂಥವರಲ್ಲೊಬ್ಬರು. ಹೊಲ ಬಿಟ್ಟ ಮೇಲೆ ಸ್ಯಾನ್ ಫ್ರಾನ್ಸಿಸ್ಕೋದ ದೋಣಿಕಟ್ಟೆಯಲ್ಲಿ ಹಣ್ಣಿನ ಪೆಟ್ಟಿಗೆ ಹೊರುತ್ತಿದ್ದರು. ತೀರಿಕೊಂಡು ಒಂಬತ್ತು ವರ್ಷ.

ಆ ಪತ್ತೇದಾರಿ ಚಿತ್ರದವರು ಕಟ್ಟೆಗೆ ಬಂದಾಗ, ಹಿಂದೆ ಓಡಾಡಲು ಜನ ಬೇಕೆಂದು ಕೂಲಿಗಳನ್ನೇ ನಿಲ್ಲಿಸಿದರಂತೆ. ಇಲ್ಲಿಂದ ಅಲ್ಲಿಗೆ ಪೆಟ್ಟಿಗೆ ಹೊತ್ತು ನಡಿ, ಕ್ಯಾಮೆರಾ ನೋಡಬೇಡ ಎಂದರಂತೆ. ಕರಮ್ ಸಿಂಗ್ ನಡೆದರು, ಅರ್ಧ ದಾರಿಯಲ್ಲಿ ತಿರುಗಿ ಕ್ಯಾಮೆರಾವನ್ನೇ ನೋಡಿದರು. ಯಾರೂ ಗಮನಿಸದೆ ಅದು ಹಾಗೇ ಉಳಿಯಿತು. ಲೂಸಿಯಾ ಅದನ್ನು ಥಿಯೇಟರಿನಲ್ಲಿ ಮೂರು ಸಲ ನೋಡಿದ್ದರು. ಮಂಜು ಆದ ಮೇಲೆ ತೆರೆ ಕಪ್ಪಾಗುತ್ತದೆ, ಆಮೇಲೆ ದೋಣಿಕಟ್ಟೆ ಬರುತ್ತದೆ, ಅಲ್ಲಿ ನನ್ನ ಗಂಡ ಇದ್ದಾನೆ ಎಂದರು. ಟೀವಿಯಲ್ಲಿ ಬಂದಾಗೆಲ್ಲ ಮಂಜಿಗೇ ಮುಗಿಸಿಬಿಡುತ್ತಾರೆ, ಕ್ಯಾಸೆಟ್ಟಿನಲ್ಲಾದರೂ ಇದೆಯೇ ಎಂದು ಕೇಳಿದರು.

"ಮನೆಯಲ್ಲಿರುವುದು ಮದುವೆಯ ಒಂದೇ ಫೋಟೋ, ಮಿಹೋ. ಅದರಲ್ಲಿ ಅವನು ನಿಂತಿದ್ದಾನೆ. ನನ್ನ ಮೊಮ್ಮಗ ನಡೆಯುವುದು ಥೇಟ್ ಅವನ ಹಾಗೆ. ಹಾಗೆಂದರೆ ಯಾರೂ ನಂಬುವುದಿಲ್ಲ. ಅವನು ನಡೆಯುವುದನ್ನು ಒಂದು ಸಲ ತೋರಿಸಬೇಕಿತ್ತು."

ಮಿಹೋ ಎಂದರೆ ಅವರ ಸ್ಪ್ಯಾನಿಷಿನಲ್ಲಿ ಮಗನೇ ಎಂದು.

ನಾನು ಎದ್ದು ಹೋಗಿ ಹಳೆಯ ಕ್ಯಾಸೆಟ್ಟನ್ನು ಹಾಕಿ ನೋಡಬಹುದಿತ್ತು. ನನ್ನ ಆರು ನಿಮಿಷದ ಕೆಳಗೆ ಏನಿತ್ತು ಎಂಬ ಅನುಮಾನವಾದರೂ ಬರಬಹುದಿತ್ತು. ಬರಲಿಲ್ಲ. ಬಂದದ್ದು ಹೆಮ್ಮೆ. ಕಪಾಟಿನಿಂದ ಚೀಟಿ ಕಿತ್ತು ತಂದು ಅವರ ಮುಂದೆ ಇಟ್ಟು, ನಾಲ್ಕೂ ಆವೃತ್ತಿಗಳನ್ನು ನಾನೇ ಹೋಲಿಸಿದ್ದೇನೆ, ಮಂಜಿನ ನಂತರ ಯಾವುದರಲ್ಲೂ ಏನೂ ಇಲ್ಲ ಎಂದೆ. ಅಷ್ಟಕ್ಕೆ ನಿಲ್ಲಿಸಿದ್ದರೂ ಆಗುತ್ತಿತ್ತು. ಹಳೆಯ ಸಿನಿಮಾಗಳು ನೆನಪಿನಲ್ಲಿ ಒಂದರೊಳಗೊಂದು ಕಲಸಿಹೋಗುತ್ತವೆ, ವಯಸ್ಸಾದವರಿಗೆ ಇದು ಸಹಜ, ನೀವು ನೋಡಿದ್ದು ಬೇರೆ ಯಾವುದೋ ಪಿಕ್ಚರ್ ಇರಬೇಕು ಎಂದೂ ಸೇರಿಸಿದೆ. ಹದಿನೇಳು ವರ್ಷದವನು, ಎಪ್ಪತ್ತು ವರ್ಷದವರಿಗೆ.

ಅವರು ಚೀಟಿಯನ್ನು ಬಹಳ ಹೊತ್ತು ಓದಿದರು. ಇರಬಹುದು ಎಂದರು. ಏನಾದರೂ ಗೊತ್ತಾದರೆ ಫೋನ್ ಮಾಡು ಎಂದು ನಂಬರ್ ಕೊಟ್ಟು, ಥ್ಯಾಂಕ್ಯೂ ಮಿಹೋ ಎಂದು ಹೋದರು.

ಗಿರಾಕಿಗಳ ಬಗ್ಗೆ ಗುರುತು ಬರೆದಿಡುವ ಒಂದು ಪುಸ್ತಕ ನಮ್ಮಲ್ಲಿತ್ತು. ಅದರಲ್ಲಿ ಕನ್ನಡದಲ್ಲಿ ಬರೆಯುವುದು ರೂಢಿ. ತಡ ಮಾಡುತ್ತಾರೆ, ಸುತ್ತದೆ ಕೊಡುತ್ತಾರೆ, ಮಾತಿಗೆ ನಿಂತರೆ ಬಿಡುವುದಿಲ್ಲ ಎಂದೆಲ್ಲ ಅವರ ಎದುರಿಗೇ ಬರೆಯಬಹುದಿತ್ತು. ಲೂಸಿಯಾ ಸಿಂಗ್ ಎಂದು ಇಂಗ್ಲಿಷಿನಲ್ಲಿ ಬರೆದು, ನಂಬರ್ ಹಾಕಿ, ಮುಂದೆ ಕನ್ನಡದಲ್ಲಿ ಬರೆದೆ: "ನೆನಪು ಕೈಕೊಟ್ಟಿದೆ."

ಮೂರು ವಾರದ ಮೇಲೆ ಕಾಕಾ ಆ ಪುಸ್ತಕ ತಿರುವುತ್ತಾ ಇದೇನು ಎಂದು ಕೇಳಿದರು. ಲೂಸಿಯಾ ಬಂದುಹೋದ ಕಥೆಯನ್ನೆಲ್ಲ ನಗುನಗುತ್ತ ಹೇಳಿದೆ. ಕಾಕಾ ನಗಲಿಲ್ಲ. ಎದ್ದು ಹೋಗಿ ನಾಲ್ಕೂ ಡಬ್ಬಿಗಳನ್ನು ತಂದು ಕೌಂಟರಿನ ಮೇಲೆ ಸಾಲಾಗಿ ಮಲಗಿಸಿ, ಕನ್ನಡಕ ಹಾಕಿಕೊಂಡು ಹಿಂಬದಿಯ ಸಣ್ಣ ಅಕ್ಷರ ಓದಿದರು. ನಾನು ಎಂದೂ ಓದಿರದ ಅಕ್ಷರ. ಮೂರು ಡಬ್ಬಿಗಳ ಮೇಲೆ ಚಿತ್ರದ ಅವಧಿ ತೊಂಬತ್ತನಾಲ್ಕು ನಿಮಿಷ ಎಂದಿತ್ತು. ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆಯ ಮೇಲೆ ತೊಂಬತ್ತೆಂಟು.

"ನಾಕು ಮಿನಿಟು ಎಲ್ಲಿ ಹೋತಲೇ ಚಂದೂ?" ಎಂದು ಕೇಳಿದರು.

ಆ ಕ್ಷಣ ನನಗೆ ಎಲ್ಲವೂ ಗೊತ್ತಾಯಿತು. ಬಾಯಿ ಮಾತ್ರ ತನ್ನ ಪಾಡಿಗೆ ತಾನು ಕೆಲಸ ಮಾಡಿತು. ಅದು ಅಚ್ಚಿನ ತಪ್ಪಿರಬೇಕು ಕಾಕಾ, ಪುಟ್ಟ ಕಂಪನಿ ಅಲ್ಲವೇ, ನಾನು ಕೊನೆಯವರೆಗೂ ನೋಡಿದ್ದೇನೆ ಎಂದಿತು. ಕಾಕಾ ನನ್ನ ಮುಖ ನೋಡಿದರು. ಇಂಜಿನಿಯರ್ ಆದವರು ಅಚ್ಚನ್ನು ನಂಬುತ್ತಾರೋ ಹುಡುಗನನ್ನೋ ಎಂದು ನನಗೆ ಆವತ್ತು ಗೊತ್ತಿರಲಿಲ್ಲ. "ಆತು" ಎಂದು ಫೋನೆತ್ತಿ ಲೂಸಿಯಾ ಅವರಿಗೆ ಶನಿವಾರ ಬನ್ನಿ, ಎಲ್ಲಾ ಸೇರಿ ಹಾಕಿ ನೋಡೋಣ ಎಂದರು.

ನಡುವೆ ನಾಲ್ಕು ದಿನ ಇದ್ದವು. ಹೇಳಲು ಸಾಕಷ್ಟು ಸಮಯ. ಆ ನಾಲ್ಕು ದಿನದಲ್ಲಿ ನಾನು ಮಾಡಿದ್ದೆಂದರೆ, ಆ ಕ್ಯಾಸೆಟ್ಟನ್ನು ಒಯ್ದು ಹಿಂದಿನ ಕಪಾಟಿನಲ್ಲಿ ಒಂದು ಭಕ್ತಿಪ್ರಧಾನ ಚಿತ್ರದ ಡಬ್ಬಿಯೊಳಗೆ ಬಚ್ಚಿಟ್ಟದ್ದು. ಶುಕ್ರವಾರ ಸಂಜೆ ಹೋಗಿ ನೋಡಿದರೆ ಅದು ಅಲ್ಲಿರಲಿಲ್ಲ. ವಾಪಸು ತನ್ನ ಪೆಟ್ಟಿಗೆಯಲ್ಲೇ ಇತ್ತು. ತಂದಿಟ್ಟವರು ಕಾಕಾ. ಈಗ ಯೋಚಿಸಿದರೆ, ಅವರು ನಾನೇ ಬಾಯಿ ಬಿಡಲಿ ಎಂದು ಕಾಯುತ್ತಿದ್ದರು.

ಶನಿವಾರ ಲೂಸಿಯಾ ಬಂದರು. ಚರ್ಚಿಗೆ ಹೋಗುವಂಥ ಬಟ್ಟೆ ಉಟ್ಟಿದ್ದರು. ಮದುವೆಯ ಫೋಟೋವನ್ನು ಕರವಸ್ತ್ರದಲ್ಲಿ ಸುತ್ತಿ ತಂದಿದ್ದರು, ಗಂಡನ ಪೇಟದ ಕೆಳಗಿನ ಮುಖ ಗುರುತು ಹಿಡಿಯಲು ನಮಗೆ ಸಹಾಯವಾಗಲಿ ಎಂದು. ಕಾಕಾ ಅವರಿಗೆ ಕುರ್ಚಿ ಹಾಕಿ, ಪಕ್ಕದಿಂದ ಕಾಫಿ ತರಿಸಿ, ಟೀವಿಯನ್ನು ಅವರ ಕಡೆ ತಿರುಗಿಸಿ, ಹಳೆಯ ಕ್ಯಾಸೆಟ್ಟನ್ನು ಮಂಜಿನ ಹತ್ತಿರಕ್ಕೆ ಓಡಿಸಿ ಬಿಟ್ಟರು. ನಾನು ಕೌಂಟರಿನ ಹಿಂದೆ ನಿಂತಿದ್ದೆ. ಆಗಲೂ ಹೇಳಬಹುದಿತ್ತು.

ನಾಯಕ ನಡೆದು ಹೋದ. ತೆರೆ ಕಪ್ಪಾಯಿತು. ಲೂಸಿಯಾ ಕಾಫಿ ಕೆಳಗಿಟ್ಟು ಕುರ್ಚಿಯ ಅಂಚಿಗೆ ಬಂದರು. ಕಪ್ಪಿನಲ್ಲಿ ಒಂದು ಗೆರೆ ಮಿನುಗಿತು. ಅದರೊಳಗಿಂದ ಮಸುಕಾಗಿ ಒಂದು ಪೇಟ ಮೇಲೆದ್ದು ಬಂತು. ಅವರ ಕೈ ಬಾಯಿಗೆ ಹೋಯಿತು.

"ನೋಡಿ, ಅವನೇ" ಎಂದರು.

ಚಿತ್ರ ಸ್ಥಿರವಾಯಿತು. ಬಣ್ಣ ಬಂತು. ಜರಿಯ ಪೇಟದ ಕೆಳಗೆ ನಾನಿದ್ದೆ. ಕ್ಯಾಮೆರಾ ನೋಡಿ ನಗುತ್ತಿದ್ದೆ. ಮಹಾಪ್ರಭು, ಎಂದು ಆರಂಭಿಸಿ ಏಳು ಸಾಲು ಒದರಿದೆ. ಸಭೆಯಲ್ಲಿ ಯಾರದೋ ಮಗು ಅತ್ತಿತು. ಯಾರೂ ಮೆಷಿನ್ನು ನಿಲ್ಲಿಸಲಿಲ್ಲ. ನನ್ನ ನಟನೆಯನ್ನು ನಾನೇ ನೋಡುತ್ತ ನಿಂತಿದ್ದು ಜೀವನದಲ್ಲಿ ಅದೇ ಕೊನೆ. ಮನೆಯಲ್ಲಿರುವ ಪ್ರತಿಯನ್ನು ಆಮೇಲೆ ನಾನು ಹಾಕಿಲ್ಲ.

ಕಾಕಾ ಕೊನೆಗೆ ಕ್ಯಾಸೆಟ್ ಹೊರಗೆ ತೆಗೆದರು. ಅಂಚಿನ ತೂತಿನ ಸುತ್ತ ಹೆಬ್ಬೆರಳು ಆಡಿಸಿದರು. ಬೆರಳು ಅಲ್ಲಿ ಅಂಟಿತು. "ಗೋಂದು ಇನ್ನೂ ಹಂಗ ಐತಿ" ಎಂದರು, ಕನ್ನಡದಲ್ಲಿ, ಮೆಲ್ಲಗೆ. ಆಮೇಲೆ, "ನನಗ ಹೇಳಬ್ಯಾಡ. ಆಕಿಗೆ ಹೇಳು" ಎಂದರು.

ಹೇಳಿದೆ. ನಾಟಕ, ಸೆಲ್ಲೋ ಟೇಪು, ಉಳಿದ ಮೂರರ ಕೊನೆ ನೋಡಿ ಇದರ ಕೊನೆಯೂ ಅದೇ ಎಂದುಕೊಂಡದ್ದು, ಎಲ್ಲ. ಒಂದು ಸಾಲನ್ನು ಏಳು ಮಾಡುವವನಿಗೆ ಆವತ್ತು ನಾಲ್ಕು ವಾಕ್ಯ ಸಾಕಾದವು. ಲೂಸಿಯಾ ಸಿಟ್ಟಾಗಲಿಲ್ಲ. ಫೋಟೋವನ್ನು ಮತ್ತೆ ಕರವಸ್ತ್ರದಲ್ಲಿ ಸುತ್ತುತ್ತಿದ್ದರು. ಕೌಂಟರಿನ ಮೇಲೆ ಆ ಪುಸ್ತಕ ತೆರೆದೇ ಇತ್ತು, ಅವರ ನಂಬರಿಗೆಂದು ಕಾಕಾ ತೆಗೆದಿಟ್ಟದ್ದು. ಅದರಲ್ಲಿ ಅವರು ತಮ್ಮ ಹೆಸರು ಕಂಡರು.

"ನನ್ನ ಹೆಸರಿನ ಮುಂದೆ ಏನು ಬರೆದಿದೆ?"

ನಾನು ಕಾಕಾ ಕಡೆ ನೋಡಿದೆ. ಕಾಕಾ ಕಿಟಕಿಯ ಕಡೆ ನೋಡುತ್ತಿದ್ದರು. ಏನಾದರೂ ಸುಳ್ಳು ಹೇಳಬಹುದಿತ್ತು, ಆ ಭಾಷೆ ಅವರಿಗೆ ಬರುತ್ತಿರಲಿಲ್ಲ. ಓದಿ, ಇಂಗ್ಲಿಷಿನಲ್ಲಿ ಹೇಳಿದೆ.

"ಮೂರು ವಾರ ನಾನೂ ಹಾಗೇ ಅಂದುಕೊಂಡಿದ್ದೆ" ಎಂದರು. "ಮಕ್ಕಳಿಗೆ ಇಷ್ಟು ವರ್ಷ ಇಲ್ಲದ್ದನ್ನು ಹೇಳಿದೆನೇನೋ ಎಂದು."

ಮಿಹೋ ಎನ್ನಲಿಲ್ಲ. ಎದ್ದು ಹೋದರು.

ಟೇಪು ಅಳಿಸಿದ್ದು ತಪ್ಪು. ಅದಕ್ಕೆ ಅಮ್ಮನ ಕೈಯಲ್ಲಿ ಎರಡು ಏಟು ತಿಂದು ಮುಗಿಸಿಬಿಡಬಹುದು. ಆದರೆ ಅವರು ಕಣ್ಣಾರೆ ಕಂಡ ಗಂಡನನ್ನು, ನಾನು ನೋಡದೆಯೇ, ನೀವು ಕಂಡಿಲ್ಲ ಎಂದೆನಲ್ಲ. ಅದಕ್ಕೆ ಯಾವ ಏಟು ಎಂದು ನನಗಿನ್ನೂ ಗೊತ್ತಾಗಿಲ್ಲ.

ಕಾಕಾ ಬೈಯಲಿಲ್ಲ, ಕೆಲಸದಿಂದ ತೆಗೆಯಲೂ ಇಲ್ಲ. ದಪ್ಪನೆಯ ಫೋನ್ ಪುಸ್ತಕ ತಂದು ನನ್ನ ಮುಂದಿಟ್ಟರು ಅಷ್ಟೆ. ವೀಡಿಯೋ ಅಂಗಡಿಗಳ ಪುಟಗಳನ್ನು ಮಡಚಿದ್ದರು. ಸ್ಕೂಲು ಮುಗಿದ ಮೇಲೆ ದಿನಕ್ಕೆ ಹತ್ತು ಅಂಗಡಿಗೆ ಫೋನ್ ಮಾಡಿದೆ. ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆಯದು, ತೊಂಬತ್ತೆಂಟು ನಿಮಿಷದ್ದು ಇದೆಯೇ ಎಂದು ಕೇಳುವುದು. ಕೆಲವರು ಇದೆ ಎನ್ನುವರು. ಬಸ್ಸು ಹಿಡಿದು, ಟ್ರೇನು ಹಿಡಿದು ಹೋದರೆ ಅಗ್ಗದ್ದೋ ಬಣ್ಣದ್ದೋ ಇರುತ್ತಿತ್ತು. ಅವರೂ ಡಬ್ಬಿಯ ಹಿಂದೆ ಓದಿರುತ್ತಿರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಒಂದು ಅಂಗಡಿಯಲ್ಲಿ ಸರಿಯಾದ ಪೆಟ್ಟಿಗೆಯೇ ಸಿಕ್ಕಿತು. ಅಲ್ಲೇ ತೆರೆದೆ. ಕ್ಯಾಸೆಟ್ಟನ್ನು ಮೆಷಿನ್ನು ನುಂಗಿತ್ತಂತೆ, ಪೆಟ್ಟಿಗೆಯನ್ನು ಮಾತ್ರ ಇಟ್ಟುಕೊಂಡಿದ್ದರು, ಪೆನ್ನು ಹಾಕಿಡಲು. ಡಿಸ್ಕು ತಂದ ಕಂಪನಿಗೂ ಪತ್ರ ಬರೆದೆ. ಮರು ಬಿಡುಗಡೆಯ ಹೊತ್ತಿಗೆ ಕೊನೆಯನ್ನು ಕತ್ತರಿಸಿದರು, ಕತ್ತರಿಸಿದ್ದು ತಮ್ಮ ಬಳಿ ಇಲ್ಲ ಎಂದು ಸಭ್ಯವಾದ ಉತ್ತರ ಬಂತು. ಆ ಪತ್ರದ ಒಂದು ಪ್ರತಿಯನ್ನು ಲೂಸಿಯಾ ಅವರಿಗೆ ಅಂಚೆಯಲ್ಲಿ ಕಳಿಸಿದೆ. ದೋಣಿಕಟ್ಟೆ ಇತ್ತು ಎಂದು ಒಪ್ಪುವ ಕಾಗದವಾದರೂ ಅವರ ಮನೆಯಲ್ಲಿರಲಿ ಎಂದು. ಉತ್ತರ ಬರಲಿಲ್ಲ, ನಿರೀಕ್ಷಿಸಲೂ ಇಲ್ಲ.

ನಿವೃತ್ತಿಗೆ ಒಂದು ತಿಂಗಳು ಇರುವಾಗ ಆ ಚೀಟಿಯನ್ನು ಹರಿದು ಹೊಸದು ಬರೆದೆ. ಇದೂ ಇಂಗ್ಲಿಷಿನಲ್ಲೇ, ಯಾರಿಗೆ ಬೇಕಾದರೂ ಓದಲು ಬರುವ ಹಾಗೆ. ಅದರ ಅರ್ಥ ಹೀಗೆ:

"ಈ ಚಿತ್ರ ಮಂಜಿಗೆ ಮುಗಿಯುವುದಿಲ್ಲ. ಹಳೆಯ ಆವೃತ್ತಿಯಲ್ಲಿ ಇನ್ನೂ ನಾಲ್ಕು ನಿಮಿಷ ಇತ್ತು. ಅದರಲ್ಲಿ ದೋಣಿಕಟ್ಟೆಯ ಮೇಲೆ ಕರಮ್ ಸಿಂಗ್ ಎಂಬವರು ಏಪ್ರಿಕಾಟ್ ಹಣ್ಣಿನ ಪೆಟ್ಟಿಗೆ ಹೊತ್ತು ನಡೆಯುತ್ತಾರೆ, ತಿರುಗಿ ಕ್ಯಾಮೆರಾ ನೋಡುತ್ತಾರೆ. ನಾನು ನೋಡಿಲ್ಲ. ಅವರ ಹೆಂಡತಿ ಮೂರು ಸಲ ನೋಡಿದ್ದಾರೆ. ನಮ್ಮ ಪ್ರತಿಯಲ್ಲಿ ಅದನ್ನು ಅಳಿಸಿದವನು ನಾನು."

ಸಹಿ ಸಣ್ಣದಾಗಿ ಹಾಕಿದೆ. ಕಾಕಾ ಓದಿ, "ನೋಡಿದ್ದಷ್ಟ ಬರಿ ಅಂದಿದ್ದೆ. ನೋಡದ್ದನ್ನೂ ಬರದೀಯಲ್ಲ" ಎಂದು, ತಾವೇ ಅದನ್ನು ಕಪಾಟಿಗೆ ಅಂಟಿಸಿದರು, ಸೆಲ್ಲೋ ಟೇಪಿನಿಂದ.

ಇದನ್ನು ಓದುತ್ತಿರುವ ಮನೆಯವರಲ್ಲಿ ಒಂದು ಬೇಡಿಕೆ. ಊಟದ ಡಬ್ಬಿಯಷ್ಟು ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆಯ ಒಂದು ಹಳೆಯ ಕ್ಯಾಸೆಟ್ ನಿಮ್ಮ ಗ್ಯಾರೇಜಿನಲ್ಲಿ ಇದ್ದರೆ, ಹಿಂದುಗಡೆ ತೊಂಬತ್ತೆಂಟು ಎಂದಿದ್ದರೆ, ಅದರ ಕೊನೆಯಲ್ಲಿ ಯಾರ ಆರತಕ್ಷತೆಯೂ ಇಲ್ಲದಿದ್ದರೆ, ದಯವಿಟ್ಟು ಅಂಗಡಿಗೆ ತನ್ನಿ. ಇದ್ದರೂ ತನ್ನಿ. ಅಕಸ್ಮಾತ್ ಮಂಜಿನ ಮುಂದಿನದು ಉಳಿದಿರಬಹುದು.

ಹೊಸದಾಗಿ ಕೌಂಟರಿಗೆ ಬರುವವಳೇ, ನಿನಗೆ ಒಂದೇ ಮಾತು. ಆ ಚೀಟಿಯನ್ನು ಕೀಳಬೇಡ. ಶಾಯಿ ಮಾಸಿದರೆ ಅದರಲ್ಲಿ ಇದ್ದ ಹಾಗೇ ಇನ್ನೊಂದು ಬರೆ, ತಿದ್ದುಪಡಿ ಸಮೇತ. ತಿದ್ದುಪಡಿ ನನ್ನದಲ್ಲ. ನನ್ನ ಕೊನೆಯ ವಾರದಲ್ಲಿ ಹಸಿರು ಕೋಟು ಒಳಗೆ ಬಂತು. ನನ್ನ ಕಡೆ ನೋಡದೆ ನೇರ ಕಪಾಟಿಗೆ ಹೋಗಿ, ನಿಂತು, ಚೀಟಿ ಓದಿತು. ಎರಡು ಸಲ ಓದಿರಬೇಕು. ಆಮೇಲೆ ಲೂಸಿಯಾ ಕೌಂಟರಿಗೆ ಬಂದು ಕೈ ಚಾಚಿದರು. ನಾನು ಪೆನ್ನು ಕೊಟ್ಟೆ. ವಾಪಸು ಹೋಗಿ, ನಾನು ಊಹಿಸಿ ಬರೆದಿದ್ದ ಏಪ್ರಿಕಾಟ್ ಎಂಬುದನ್ನು ಹೊಡೆದು ಹಾಕಿ, ಮೇಲೆ ನಡುಗುವ ಅಕ್ಷರದಲ್ಲಿ ಪೇರ್ ಹಣ್ಣು ಎಂದು ಬರೆದರು. ಪೆನ್ನನ್ನು ಕೌಂಟರಿನ ಮೇಲಿಟ್ಟು ಹೋದರು.